ಎದೆ ಮುಚ್ಚಿದ ಟವೆಲ್ಲು

ನಾಶಿಕದಿಂದ ಸಂಭಾಜಿನಗರಕ್ಕೆ ಹೋಗುವ ದಾರಿಯ ವೈಜಾಪುರದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಚಹಾ ಕುಡಿಯುವವರು ಕುಡಿದು ಬನ್ನಿ ಎಂದು ಕೂಗಿ ಇಳಿದುಹೋದ ಮೇಲೂ ಮಾಳಪ್ಪ ಸೀಟು ಬಿಟ್ಟು ಏಳಲಿಲ್ಲ. ಕಿಟಕಿಯ ಬಿಸಿಲು ಅವನ ತೊಡೆಯ ಮೇಲೆ ಬಿದ್ದು ಸುಡುತ್ತಿತ್ತು. ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಒಳಗೆ ಬನಿಯನ್ನಿನ ಮೇಲೊಂದು ಬನಿಯನ್ನು ತೊಟ್ಟು, ಅದೂ ಸಾಲದೆಂಬಂತೆ ಟವೆಲ್ಲನ್ನು ಹೆಂಗಸರು ಸೆರಗು ಹೊದೆಯುವ ಹಾಗೆ ಎದೆಗೆ ಅಡ್ಡಲಾಗಿ ಹೊದ್ದುಕೊಂಡು ಕೂತಿದ್ದ. ಹೆಂಗಸರು ಸೆರಗು ಹೊದೆಯುವ ಹಾಗೆ ಎಂದು ಮನಸ್ಸಿಗೆ ಬಂದದ್ದೇ ತಡ ಪಕ್ಕದಲ್ಲಿ ಕೂತ ಅವನ ಹೆಂಡತಿ ಚನಬಸವ್ವ ತನ್ನನ್ನು ತಾನು ಬೈದುಕೊಂಡಳು. ಇಷ್ಟಾದರೂ ಬುದ್ಧಿ ಬರಲಿಲ್ಲ ನಿನಗೆ, ನಿನ್ನ ನಾಲಿಗೆ ಸುಡಲಿ. ಕಿಟಕಿಯ ಹೊರಗೆ ಕಂಬಕ್ಕೆ ಒರಗಿ ಕೂತ ಒಬ್ಬಳು ಕುಪ್ಪಸ ಸರಿಸಿ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಪಕ್ಕದಲ್ಲೇ ಗಂಡಸರು ಬೀಡಿ ಸೇದುತ್ತಿದ್ದರು, ಯಾರಿಗೂ ಯಾರ ಪರಿವೆಯೂ ಇರಲಿಲ್ಲ. ಹೆಂಗಸಿನ ಎದೆಗಾದರೆ ಊರು ನೋಡಿದರೂ ಒಂದು ನೆಪ ಇರುತ್ತದೆ. ಇವನ ಎದೆಗೆ ಯಾವ ನೆಪ ಹೇಳುವುದು?

"ಚಹಾ ತರಲೇನ್ರಿ?"

"ಬ್ಯಾಡ."

"ಮುಂಜಾನಿಂದ ಹೊಟ್ಯಾಗ ಏನೂ ಇಲ್ಲ."

"ಬ್ಯಾಡ ಅಂದ್ನಲ್ಲ. ನೀ ಕುಡದು ಬಾ."

ಅವಳೂ ಇಳಿಯಲಿಲ್ಲ. ತೊಡೆಯ ಮೇಲಿನ ಬಟ್ಟೆಯ ಚೀಲದಲ್ಲಿ ನಾಶಿಕದ ಆಸ್ಪತ್ರೆಯವರು ಕೊಟ್ಟ ಕಾಗದಗಳು, ರೊಟ್ಟಿ, ರಾತ್ರಿ ಉಳಿಯಬೇಕಾದೀತೆಂದು ಹಾಕಿಕೊಂಡ ಅವಳ ಗುಳಿಗೆಯ ಡಬ್ಬಿ. ಇಬ್ಬರಿಗೂ ಎಚ್‌ಐವಿ ಇದೆಯೆಂದು ಗೊತ್ತಾಗಿ ವರ್ಷಗಳೇ ಆದವು. ಇಬ್ಬರಿಗೂ ಒಂದೇ ಬಗೆಯ ಗುಳಿಗೆ, ಒಂದೇ ಬಗೆಯ ಬಿಳಿ ಡಬ್ಬಿ. ಅವನ ಡಬ್ಬಿ ನಾಶಿಕದಲ್ಲಿ ಅವರು ಕೂಲಿಗಿದ್ದ ಕಟ್ಟಡದ ಪತ್ರಾಸಿನ ಶೆಡ್ಡಿನಲ್ಲೇ ಉಳಿದಿತ್ತು. ತಗೋರಿ ಎಂದು ಅವಳು ಹೇಳಲಿಲ್ಲ, ತಗೋತೀನಿ ಎಂದು ಅವನೂ ಹೇಳಲಿಲ್ಲ. ಗಂಡ ಹೆಂಡತಿ ಇಬ್ಬರೂ ಆ ಡಬ್ಬಿಯನ್ನು ಕಾಣದವರಂತೆ ಬಾಗಿಲು ಎಳೆದುಕೊಂಡು ಹೊರಟು ಬಂದಿದ್ದರು.

ನಾಶಿಕದ ಡಾಕ್ಟರು ಒಳ್ಳೆಯ ಮನುಷ್ಯ, ಬಿಡಿಸಿ ಬಿಡಿಸಿ ಹೇಳಿದ್ದ. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಬಂದದ್ದು ಹೆಂಗಸರಿಗೆ ಬರುವ ಎದೆಯ ಕ್ಯಾನ್ಸರ್ ಅಲ್ಲ, ರಕ್ತದ ಬಿಳಿ ಕಣಗಳ ಕ್ಯಾನ್ಸರು, ಲಿಂಫೋಮಾ ಅಂತ ಹೆಸರು. ಕುತ್ತಿಗೆಯಲ್ಲಿ, ಕಂಕುಳಲ್ಲಿ, ಹೊಟ್ಟೆಯಲ್ಲಿ ಬರುವಂಥದ್ದು ಎದೆಗೆ ಬಂದು ಕೂರುವುದು ಅಪರೂಪ, ಗಂಡಸಿನ ಎದೆಗೆ ಬರುವುದಂತೂ ಇನ್ನೂ ಅಪರೂಪ, ಎಚ್‌ಐವಿ ಇದ್ದವರ ಮೈಯಲ್ಲಿ ಕಸುವು ಕುಂದಿದಾಗ ಹೀಗಾಗುವುದುಂಟು. "ಕೊಯ್ದು ತೆಗೀತಾರೇನ್ರಿ?" ಎಂದು ಅವಳು ಕೇಳಿದಾಗ ಇಲ್ಲ, ಸಲೈನಿನಲ್ಲಿ ಔಷಧ ಬಿಡುತ್ತಾರೆ, ವಾಸಿ ಆದವರು ಇದ್ದಾರೆ, ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಲ್ಲಿ ನಿಮಗೆ ಒಂದು ಮಾತು ಕೇಳುತ್ತಾರೆ, ಸರಿಯಾಗಿ ಹೇಳಿ ಎಂದ. ಗುಳಿಗೆ ದಿನಾ ತೆಗೆದುಕೊಳ್ಳುತ್ತಿದ್ದನೋ ಇಲ್ಲವೋ. ತೆಗೆದುಕೊಂಡೂ ರಕ್ತದಲ್ಲಿ ರೋಗ ಇಷ್ಟು ಏರಿದೆಯೆಂದರೆ ಗುಳಿಗೆ ಕೈಕೊಟ್ಟಿದೆ ಎಂದು ಅರ್ಥ, ಅದನ್ನು ಬದಲಾಯಿಸುತ್ತಾರೆ, ಆ ಬೇರೆ ಗುಳಿಗೆಗಳಲ್ಲಿ ಕೆಲವು ಈ ಸಲೈನಿನ ಜೊತೆ ಕೂಡಿದರೆ ಮೈಗೆ ವಿಷ. ತೆಗೆದುಕೊಂಡೇ ಇಲ್ಲವೆಂದರೆ ಹಳೆಯದೇ ನಡೆಯುತ್ತದೆ, ಮತ್ತೆ ಶುರುಮಾಡಿದರಾಯಿತು. "ತೋ ರೋಜ್ ಘೇತೋ ಕಾ?" ದಿನಾ ತೆಗೆದುಕೊಳ್ಳುತ್ತಾನೆಯೇ ಎಂದು ಅವಳನ್ನೇ ಕೇಳಿದ. ಅವಳು ಬಾಯಿ ತೆರೆಯುವುದರೊಳಗೆ ಮಾಳಪ್ಪ "ದಿನಾ ತಗೋತೀನ್ರಿ ಸಾಹೇಬ" ಅಂದುಬಿಟ್ಟ. ಡಾಕ್ಟರು ಅವಳ ಮುಖ ನೋಡಿದ. ಅವಳು ಹೌದೆಂದು ಗೋಣು ಹಾಕಿದಳು. ಅವತ್ತಿನಿಂದ ಆ ಗೋಣು ಅವಳ ಹೆಗಲ ಮೇಲೆ ನೆಟ್ಟಗೆ ನಿಂತಿಲ್ಲ.

ಬಸ್ಸು ಹೊರಟಿತು. ಗಾಳಿಗೆ ಟವೆಲ್ಲು ಹಾರಿದಾಗ ಅವನು ಎರಡೂ ಕೈಯಿಂದ ಹಿಡಿದುಕೊಂಡ. ಎಲ್ಲ ಶುರುವಾದದ್ದು ಎಷ್ಟೋ ತಿಂಗಳ ಹಿಂದಿನ ಆ ಸಂಜೆ, ಶೆಡ್ಡಿನ ಹಿಂದೆ, ತಾಡಪತ್ರಿ ಕಟ್ಟಿದ ಬಚ್ಚಲಲ್ಲಿ. ಸಿಮೆಂಟಿನ ಧೂಳು ಹತ್ತಿದ ಅವನ ಬೆನ್ನನ್ನು ಅವಳು ಕಲ್ಲಿನಿಂದ ತಿಕ್ಕುತ್ತಿದ್ದಳು. ಮುಂದಕ್ಕೆ ತಿರುಗಿದಾಗ ಎಡಗಡೆಯ ಮೊಲೆತೊಟ್ಟಿನ ಸುತ್ತ ಲಿಂಬೆಹಣ್ಣಿನಷ್ಟು ಊದಿದ್ದು ಕಂಡಿತು. ನೋವಿಲ್ಲ, ಕೆಂಪಿಲ್ಲ. ಅವತ್ತು ಪಗಾರ ಆಗಿತ್ತು, ಒಲೆಯ ಮೇಲೆ ಕೋಳಿ ಬೇಯುತ್ತಿತ್ತು, ಅವಳ ಮನಸ್ಸು ಹಗುರವಾಗಿತ್ತು. "ಅಯ್ಯ ಏನ್ರಿ ಇದು! ನನಗಿಂತ ನಿಮಗಽ ಚೊಲೊ ಬಂದಾವಲ್ರಿ!" ಎಂದು ಗಹಗಹಿಸಿ ನಕ್ಕಳು. ಪ್ರೀತಿಯಿಂದಲೇ ನಕ್ಕಳು, ದೇವರಾಣೆಗೂ ಪ್ರೀತಿಯಿಂದಲೇ. ಅವನೂ ನಗುತ್ತಿದ್ದ, ಆದರೆ ತಾಡಪತ್ರಿಯ ಆಚೆ ಬೀಡಿ ಸೇದುತ್ತ ಕೂತಿದ್ದ ಮಿಸ್ತ್ರಿ ಮಹಿಬೂಬ ಕೆಮ್ಮಿದ್ದೇ ಅವನ ನಗು ನಿಂತುಹೋಯಿತು. ಮಹಿಬೂಬ ಅವರ ಕಡೆಯವನೇ, ಸಿಂದಗಿಯವನು, ಕೆಟ್ಟವನಲ್ಲ. ಆದರೆ ನಗೆಮಾತು ಸಿಕ್ಕರೆ ಬಿಡುವವನಲ್ಲ. ಮರುದಿನ ಸೈಟಿನ ಮೇಲೆ "ಏ ಮಾಳವ್ವಾ, ಘಮೇಲಾ ತಾರವ್ವಾ" ಎಂದು ಕಾಂಕ್ರೀಟಿನ ಬಾಂಡಲಿ ತರಲು ಕೂಗಿದ. ಊಟದ ಹೊತ್ತಿಗೆ ಬಿಹಾರದ ಹುಡುಗರಿಗೂ ಅದು ತಿಳಿದಿತ್ತು. ಅವರಿಗೆ ಕನ್ನಡ ಬಾರದು, ಆದರೂ ಮಾಳವ್ವಾ ಮಾಳವ್ವಾ ಎಂದು ಸೊಂಟ ಕುಣಿಸಿ ಕೂಗುವುದಕ್ಕೆ ಯಾವ ಭಾಷೆ ಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಅವ್ವ ದಿನಕ್ಕೊಮ್ಮೆ ಹೇಳುತ್ತಿದ್ದ ಗಾದೆ. ಅವ್ವ ಹೇಳಿದ್ದರಲ್ಲಿ ಒಂದನ್ನಾದರೂ ಸಕಾಲಕ್ಕೆ ನೆನೆಸಿಕೊಂಡಿದ್ದರೆ!

ಅವತ್ತಿನಿಂದ ಮಾಳಪ್ಪ ಬೆನ್ನು ತಿಕ್ಕಿಸಿಕೊಳ್ಳಲಿಲ್ಲ. ಎಲ್ಲರೂ ಎದ್ದೇಳುವ ಮೊದಲೇ ಮೈಮೇಲೆ ನೀರು ಸುರಿದುಕೊಂಡು ಅಂಗಿ ತೊಟ್ಟುಬಿಡುವನು. ಉರಿಬಿಸಿಲಲ್ಲಿ ಎಲ್ಲ ಗಂಡಸರೂ ಬರಿಮೈಯಲ್ಲಿ ಕಬ್ಬಿಣದ ಸಳಿ ಕಟ್ಟುತ್ತಿದ್ದರೆ ಇವನೊಬ್ಬ ಅಂಗಿಯಲ್ಲಿ ಬೆವರುವನು. ಊರಿಂದ ತಂದ ಮಾಳಿಂಗರಾಯನ ಗುಡಿಯ ಭಂಡಾರವನ್ನು ಎದೆಗೆ ಹಚ್ಚಿಕೊಳ್ಳುತ್ತಿದ್ದನೆಂದು ಅವಳಿಗೆ ತಿಳಿದದ್ದು ಬನಿಯನ್ನು ಒಗೆಯುವಾಗ. ಒಂದೇ ಕಡೆ ಅರಿಸಿನದ ದುಂಡು ಕಲೆ, ಎಷ್ಟು ತಿಕ್ಕಿದರೂ ಹೋಗದು. ತಿಂಗಳಿಂದ ತಿಂಗಳಿಗೆ ಆ ಕಲೆ ಅಗಲವಾಗುತ್ತಿದ್ದುದನ್ನು ಅವಳು ಕೈಯಾರೆ ಸಾಬೂನು ಹಚ್ಚಿ ತಿಕ್ಕಿದ್ದಾಳೆ. ಆದರೂ ಕೇಳಲಿಲ್ಲ. ಕೇಳಿದರೆ ಆ ನಗು ಮತ್ತೆ ಅವನ ಕಿವಿಯಲ್ಲಿ ಏಳುತ್ತದೆಂಬ ಅಂಜಿಕೆ. ತಿಕ್ಕಿ, ಹಿಂಡಿ, ಒಳಗಿನ ಹಗ್ಗಕ್ಕೆ ಯಾರಿಗೂ ಕಾಣದಂತೆ ಒಣಹಾಕುತ್ತಿದ್ದಳು.

ಗುಳಿಗೆ ಬಿಟ್ಟದ್ದೂ ಆಗಲೇ. ಗುಳಿಗೆ ತರುವ ಸೆಂಟರಿನ ಸಾಲಿನಲ್ಲಿ ಸಟಾಣಾ ಕಡೆಯ ಮುದುಕನೊಬ್ಬ ಹಿಂದೊಮ್ಮೆ ಹೇಳಿದ್ದನಂತೆ, ಮೊದಲು ಕೊಡುತ್ತಿದ್ದ ಗುಳಿಗೆಯಿಂದ ಕೆಲವು ಗಂಡಸರಿಗೆ ಎದೆ ಊದುತ್ತಿತ್ತು ಎಂದು. ಅದು ಹಳೆಯ ಗುಳಿಗೆಯ ಮಾತು. ಈಗಿನದು ಬೇರೆ. ಆದರೆ ಮಾಳಪ್ಪನ ತಲೆಯಲ್ಲಿ ಆ ಮುದುಕನ ಮಾತು ಮೊಳೆ ಹೊಡೆದಂತೆ ಕೂತುಬಿಟ್ಟಿತ್ತು. "ಇದು ಹೆಂಗಸು ಮಾಡೂ ಗುಳಿಗಿ" ಎಂದು ಒಮ್ಮೆ ಹೊದಿಕೆಯೊಳಗಿಂದ ಗೊಣಗಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅದೇ ಗುಳಿಗೆಯನ್ನು ಅವಳೂ ನುಂಗುತ್ತಿದ್ದಳು, ಅವಳಿಗೇನೂ ಆಗಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಹೇಳಲಿಲ್ಲ.

ಸೆಂಟರಿಗೆ ತಿಂಗಳಿಗೊಮ್ಮೆ ಹೋಗುವುದು ಅವಳ ಕೆಲಸ. ಇಬ್ಬರೂ ಹೋದರೆ ಇಬ್ಬರ ಕೂಲಿಯೂ ತಪ್ಪುತ್ತದೆಂದು ಎರಡೂ ಡಬ್ಬಿಯನ್ನು ಅವಳೇ ಒಯ್ಯುತ್ತಿದ್ದಳು. ಅಲ್ಲಿ ಶರ್ಮಿಳಾ ಮೇಡಂ ಡಬ್ಬಿಯನ್ನು ತಟ್ಟೆಗೆ ಸುರಿದು ಉಳಿದ ಗುಳಿಗೆ ಎಣಿಸುತ್ತಾಳೆ. ಹೆಚ್ಚು ಉಳಿದರೆ ತಪ್ಪಿಸಿದ್ದಾರೆಂದು ಅರ್ಥ. ತಪ್ಪಿಸಿದವರನ್ನು ಎಲ್ಲರೆದುರಿಗೆ ನಿಲ್ಲಿಸಿ, ನಿನಗೆ ಬದುಕುವ ಆಸೆ ಇಲ್ಲವೇನು ಎಂದು ಕೇಳುತ್ತಾಳೆ, ಬೈಯುವುದಿಲ್ಲ, ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಾಳೆ, ಬೈದರೇ ವಾಸಿ. ಅವನ ಡಬ್ಬಿ ಮೊದಲ ಸಲ ತುಂಬಿದ್ದಂತೆಯೇ ಸಿಕ್ಕಾಗ ಚನಬಸವ್ವನಿಗೆ ಸಾಲಿನಲ್ಲಿ ನಿಂತ ಆ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಮಾಳಪ್ಪನ ಹೆಸರು ಕೂಗುತ್ತಾರೆ. ಮುಂದಿನ ತಿಂಗಳು ಅವನನ್ನೇ ಕರೆಸುತ್ತಾರೆ. ಅಂಗಿ ಬಿಚ್ಚು ಎನ್ನುತ್ತಾರೆ. ಸೆಂಟರಿನ ಬಾಗಿಲ ಬಳಿ ಡಬ್ಬಿ ತೆರೆದು ಇರಬೇಕಾದಷ್ಟನ್ನು ಬಿಟ್ಟು ಮಿಕ್ಕದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಶರ್ಮಿಳಾ ಮೇಡಂ ಎಣಿಸಿ ನಕ್ಕು, "ಬಘಾ, ಯಾಲಾ ಮ್ಹಣತಾತ್ ಶಿಸ್ತ್" ಎಂದು ಉಳಿದವರಿಗೆ ತೋರಿಸಿದಳು. ಇದಕ್ಕೆ ಶಿಸ್ತು ಅನ್ನುತ್ತಾರೆ ನೋಡಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಮತ್ತೊಂದು ತಿಂಗಳು ಹೊಸದಾಗಿ ಬಂದ ಹೆಂಗಸರಿಗೆ ಎರಡು ಮಾತು ಹೇಳು ಚನಬಸವ್ವ ಎಂದು ಎಬ್ಬಿಸಿ ನಿಲ್ಲಿಸಿದಳು. ಅವಳು ನಿಂತಳು, ಹೇಳಿದಳು. ಗಂಡನಿಗೆ ನಾನೇ ನೆನಪು ಮಾಡ್ತೀನ್ರಿ, ಊಟ ಆದ ಕೂಡ್ಲೆ ಕೈಯಾಗ ಇಡ್ತೀನ್ರಿ ಎಂದು ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು. ಸೆರಗಿನ ತುದಿಯ ಗಂಟು ಸೊಂಟಕ್ಕೆ ಒತ್ತುತ್ತಿತ್ತು. ಅವಳ ಮಾತು ಕೇಳಿ ಒಬ್ಬಳು ಹುಡುಗಿ, ಈಗಷ್ಟೇ ಗೊತ್ತಾದವಳು, ಅಳುವುದನ್ನು ನಿಲ್ಲಿಸಿದ್ದಳು.

ಆ ಗುಳಿಗೆಗಳನ್ನು ಎಲ್ಲಿ ಎಸೆಯುವುದು? ಸೈಟಿನಲ್ಲಿ ನೂರು ಕಣ್ಣು. ಚರಂಡಿಗೆ ಚೆಲ್ಲಿದರೆ ತೇಲುತ್ತವೆ, ಒಲೆಗೆ ಹಾಕಿದರೆ ವಾಸನೆ. ಅವರು ದುಡಿಯುತ್ತಿದ್ದ ಪಾಥರ್ಡಿ ಫಾಟಾದ ಕಟ್ಟಡಕ್ಕೆ ತಿಂಗಳಿಗೊಂದರಂತೆ ಸ್ಲ್ಯಾಬು ಬೀಳುತ್ತಿತ್ತು. ಕಲಸಿದ ಮಾಲು ಎತ್ತಲು ಲಿಫ್ಟು ಇದ್ದರೂ ಮೊದಲ ಘಮೇಲೆ ಮಾತ್ರ ಕೈಯಿಂದ ಕೈಗೆ ಹೋಗಬೇಕು, ಮಶೀನಿಗೆ ಕೊಡಬಾರದು ಎಂಬುದು ಮಹಿಬೂಬನ ಪದ್ಧತಿ, ಅವನ ಅಪ್ಪನಿಂದ ಬಂದದ್ದು. ಕಾಯಿ ಒಡೆದು, ಆ ಮೊದಲ ಘಮೇಲೆಯ ಹಸಿ ಕಾಂಕ್ರೀಟಿನ ಮೇಲೆ ಅರಿಸಿನ ಕುಂಕುಮ ಹಾಕಿ, ಎಲ್ಲರೂ ಒಂದೊಂದು ಹಿಡಿ ಚೆಂಡುಹೂವಿನ ಎಸಳು ಉದುರಿಸಬೇಕು. ಮೇಲೆ ನಿಂತು ಅದನ್ನು ಇಸಿದುಕೊಂಡು ಮೂಲೆಗೆ ಸುರಿಯುವವನು ಮಾಳಪ್ಪನೇ. ಅವನ ಕೈಗುಣ ಒಳ್ಳೆಯದು, ಅವನು ಸುರಿದ ಸ್ಲ್ಯಾಬು ಸೋರಿದ್ದಿಲ್ಲ ಎಂದು ಮಹಿಬೂಬ ನಂಬಿದ್ದ. ಮಾಳವ್ವ ಎಂದು ಕರೆದರೂ ಆ ಗೌರವವನ್ನು ಮಾತ್ರ ಕಿತ್ತುಕೊಂಡಿರಲಿಲ್ಲ. ಕೊನೆಗೆ ಹೂವು ಹಾಕಿ ಘಮೇಲೆ ತಲೆಗೆತ್ತುವವಳು ಚನಬಸವ್ವ. ಅವಳ ಹಿಡಿಯಲ್ಲಿ ಎಸಳುಗಳ ನಡುವೆ ಆ ಗುಳಿಗೆಗಳೂ ಇರುತ್ತಿದ್ದವು. ಹಾಕಿದ ಕೂಡಲೇ ಬೆರಳಿಂದ ಒತ್ತಿ, ಕುಂಕುಮದ ಕೈ ಒರೆಸಿಕೊಂಡಂತೆ ಮಾಡಿ, ತಲೆಗೆತ್ತಿ, ಮುಂದಿನವಳಿಗೆ ದಾಟಿಸುತ್ತಿದ್ದಳು. ಕೈಯಿಂದ ಕೈಗೆ ಅದು ಮೇಲೆ ಹೋಗುತ್ತಿತ್ತು. ಒಂದು ಮಜಲು, ಮೇಲೊಂದು ಮಜಲು. ಈಗ ಆ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾರೆ, ಸಂಸಾರಗಳು ಬರುತ್ತವೆ, ದೇವರ ಕೋಣೆ ಮಾಡಿಕೊಳ್ಳುತ್ತಾರೆ. ಅವರ ತಲೆಯ ಮೇಲೆ, ಕಾಲ ಕೆಳಗೆ, ಅವಳ ಗಂಡನ ಆಯುಷ್ಯ ಕಲ್ಲಾಗಿ ಕೂತಿದೆ. ಮುಂಜಾನೆ ಬಸ್ಸು ಆ ದಾರಿಯಲ್ಲೇ ಬಂತು, ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಅಂಜಿಕೆಯಿಂದ ಮಾಡಿದೆ, ಅವನ ಮಾನ ಕಾಯಲು ಮಾಡಿದೆ ಎಂದು ಎಷ್ಟು ಸಲ ಹೇಳಿಕೊಂಡರೂ ಅದರ ಕೆಳಗೆ ಇನ್ನೊಂದು ಮಾತು ಅಲುಗಾಡುತ್ತದೆ. ಈ ಬೇನೆ ಅವಳಿಗೆ ಬಂದದ್ದು ಅವನಿಂದ. ಲಾರಿಯ ಮೇಲೆ ಹೋಗುತ್ತಿದ್ದ ದಿನಗಳದ್ದು, ಎಲ್ಲಿಂದ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ, ತಪ್ಪಾಯಿತು ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಅವಳು ಸಿಟ್ಟು ಮಾಡಲಿಲ್ಲ. ಎಲ್ಲರೂ ಎಂಥ ತಾಳ್ಮೆಯ ಹೆಣ್ಣು ಎಂದರು. ಮೊದಲ ಸಲ ಹಸಿ ಕಾಂಕ್ರೀಟಿನಲ್ಲಿ ಬೆರಳಿಟ್ಟು ಒತ್ತಿದಾಗ ಎದೆಯೊಳಗೆ ಏನೋ ತಣ್ಣಗಾದಂತೆ ಅನಿಸಿದ್ದು ನಿಜ. ಬಿಟ್ಟರೆ ಬಿಡಲಿ, ತನ್ನ ಕೈಯಾರೆ ತಾನು ಅನುಭವಿಸಲಿ ಎಂದು ಅನಿಸಿತೇ? ಅಥವಾ ಕಾಂಕ್ರೀಟಿನ ನೀರೇ ತಣ್ಣಗಿತ್ತೇ? ಎಷ್ಟು ಕೆದಕಿದರೂ ಅವಳಿಗೆ ತಿಳಿಯದು. ಕೆದಕುವುದನ್ನು ಬಿಡಲೂ ಆಗದು. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಸಂಭಾಜಿನಗರದ ಆಸ್ಪತ್ರೆಯಲ್ಲಿ ಕಾಗದದ ಮೇಲೆ ಎದೆಯ ಗಂಟೆಂದು ಓದಿದವನು ಉದ್ದನೆಯ ಓಣಿಯ ಕೊನೆಯ ಕೋಣೆಯ ಮುಂದೆ ಕೂರಿಸಿದ. ಬೆಂಚಿನ ತುಂಬ ಹೆಂಗಸರು. ಒಬ್ಬಳ ತಲೆಯಲ್ಲಿ ಕೂದಲಿಲ್ಲ, ಸೆರಗು ಬಿಗಿದು ಕಟ್ಟಿದ್ದಳು. ಇನ್ನೊಬ್ಬಳ ರವಿಕೆಯ ಒಂದು ಕಡೆ ಸಪಾಟಾಗಿತ್ತು. ಕೆಲವರ ಗಂಡಂದಿರು ಗೋಡೆಗೆ ಒರಗಿ ನಿಂತಿದ್ದರು, ನಿಂತವರ ಕಡೆಗೇ ಮಾಳಪ್ಪನೂ ಹೋಗಿ ನಿಂತ. ಚನಬಸವ್ವನಿಗೆ ಬೆಂಚಿನ ತುದಿಯಲ್ಲಿ ಜಾಗ ಸಿಕ್ಕಿತು. ಪಕ್ಕದವಳು, ಸಿನ್ನರ್ ಕಡೆಯವಳಂತೆ, ಎಷ್ಟು ದಿನ ಆಯಿತು ಅಕ್ಕಾ ನಿಮಗೆ ಎಂದು ಕೇಳಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಹೆದರಬೇಡಿ, ನನಗೂ ಹೀಗೇ ಇತ್ತು ಎಂದಳು. ಅಲ್ಲ ಎಂದು ಹೇಳಬೇಕಿತ್ತು. ಆ ಕೈಯ ಬಿಸಿ ಹಿತವಾಗಿತ್ತು, ಸುಮ್ಮನಿದ್ದಳು.

ಬಾಗಿಲು ತೆರೆದು ನರ್ಸು ಹೊರಬಂದು ಅಡ್ಡಹೆಸರನ್ನಷ್ಟೇ ಕೂಗಿ ಸುತ್ತ ನೋಡಿದಳು. ಚನಬಸವ್ವ ಎದ್ದು ನಿಂತದ್ದನ್ನು ಕಂಡು ಅವಳ ಕೈಗೆ ಹಿಂದೆ ಕಟ್ಟುವ ಹಸಿರು ಗೌನು ತುರುಕಿ, ಒಳಗೆ ಹೋಗಿ ರವಿಕೆ ಬಿಚ್ಚಿ ಇದನ್ನು ತೊಟ್ಟುಕೋ ಎಂದಳು. ಹಿಂದೆ ಬಂದ ಮಾಳಪ್ಪನಿಗೆ ಕೈಯಡ್ಡ ಹಿಡಿದು "ಪುರುಷಾಂನೀ ಬಾಹೇರ್ ಥಾಂಬಾ" ಎಂದಳು. ಗಂಡಸರು ಹೊರಗೆ. ಮಾಳಪ್ಪ ತಕ್ಷಣ ಹಿಂದೆ ಸರಿದ. ಸರಿದು ಗೋಡೆಗೆ ಒರಗಿದ. ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ನೆಮ್ಮದಿ ಅವನ ಮುಖದಲ್ಲಿ ಕಂಡಿತು, ಗಂಡಸೆಂದು ಕರೆಸಿಕೊಂಡ ನೆಮ್ಮದಿ. ಗೌನು ಹಿಡಿದು ಹೊಸ್ತಿಲಲ್ಲಿ ನಿಂತವಳಿಗೆ ಒಂದು ಕ್ಷಣ ತಾನೇ ಒಳಗೆ ಹೋಗಿಬಿಡಲೇ ಅನಿಸಿತು. ಮಂಚದ ಮೇಲೆ ಮಲಗಿ, ಹೌದ್ರಿ ನನಗೇ ಬಂದದ, ಸೂಜಿ ನನಗೇ ಹಾಕ್ರಿ, ಸಲೈನು ನನಗೇ ಹಚ್ರಿ ಎಂದುಬಿಟ್ಟರೆ! ಹುಚ್ಚು. ನರ್ಸು ಅವಸರ ಮಾಡಿದಳು.

"ಮೀ ನಾಹೀ, ಬಾಯಿ," ಎಂದಳು ಚನಬಸವ್ವ. ನಾನಲ್ಲ. ಗಂಡನ ಕಡೆ ಕೈ ಮಾಡಿದಳು. "ಹೇ." ಇವರು.

ಬೆಂಚಿನ ಹೆಂಗಸರೆಲ್ಲ ಒಮ್ಮೆಗೇ ಮಾಳಪ್ಪನ ಕಡೆ ತಿರುಗಿದರು. ಯಾರೂ ನಗಲಿಲ್ಲ. ತಲೆಗೆ ಸೆರಗು ಕಟ್ಟಿದವಳು "ಅಗಬಾಯಿ" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು, ಅಷ್ಟೇ. ಮಾಳಪ್ಪ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ, ಆ ಸಾಲನ್ನು ದಾಟಿ ಬಂದ. ಅವಳು ಗೌನನ್ನು ಅವನ ಕೈಗೆ ಕೊಟ್ಟಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮುಖದಲ್ಲಿ ನಿದ್ದೆಗೆಟ್ಟ ಬಾವು ಇತ್ತು. ಪರದೆಯ ಹಿಂದೆ ಮಾಳಪ್ಪನನ್ನು ಮಲಗಿಸಿ ಗಂಟನ್ನು ಮುಟ್ಟಿ, ಅಳೆದು, ಕಂಕುಳನ್ನು ಒತ್ತಿದಳು. ಚನಬಸವ್ವ ಪರದೆಯ ಬದಿಯಲ್ಲಿ ನಿಂತಿದ್ದಳು. ಆ ಸಂಜೆಯ ನಂತರ ಇವತ್ತೇ ಅವಳು ಅವನ ಎದೆ ನೋಡಿದ್ದು. ಲಿಂಬೆಹಣ್ಣು ಈಗ ಪೇರಲಹಣ್ಣಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು, ಅದರ ಮಡಿಕೆಯಲ್ಲಿ ಒಂದೆಳೆ ಹಳದಿ ಭಂಡಾರ. ಅವಳಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ಹಲ್ಲು ಕಚ್ಚಿದಳು. ಇಷ್ಟು ದೊಡ್ಡದಾಗುವವರೆಗೆ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ.

ಮೇಜಿನ ಬಳಿ ಕೂತು ಕಾಗದ ತಿರುವುತ್ತ ಅವಳು ಹೇಳುತ್ತ ಹೋದಳು. ಸಲೈನು ಕೊಡಬಹುದು, ಕೊಡಲೇಬೇಕು, ತಡವಾಗಿದೆ ಆದರೆ ಕೈಮೀರಿಲ್ಲ. ರಕ್ತದಲ್ಲಿ ಎಚ್‌ಐವಿ ಮಾತ್ರ ತೀರಾ ಏರಿದೆ. ನಾಶಿಕದವರು ಗುಳಿಗೆ ತಪ್ಪಿಲ್ಲ, ಎಣಿಕೆ ಪ್ರತಿ ತಿಂಗಳೂ ಸರಿ ಬಂದಿದೆ ಎಂದು ಬರೆದಿದ್ದಾರೆ. ಹಾಗಿದ್ದರೆ ಗುಳಿಗೆ ಕೆಲಸ ಮಾಡುತ್ತಿಲ್ಲ, ಬದಲಾಯಿಸಬೇಕು. ಪೆನ್ನು ಎತ್ತಿಕೊಂಡಳು. "ರೋಜ್ ಘೇತಾ ನಾ?"

"ಹೋ," ಹೌದು ಎಂದ ಮಾಳಪ್ಪ ಗುಂಡಿ ಹಾಕಿಕೊಳ್ಳುತ್ತ.

ಪೆನ್ನಿನ ತುದಿ ಕಾಗದಕ್ಕೆ ತಾಗಿತು. ಚನಬಸವ್ವನಿಗೆ ಸೆಂಟರು ನೆನಪಾಯಿತು. ಚಪ್ಪಾಳೆ ಕೇಳಿಸಿತು, ಅಳು ನಿಲ್ಲಿಸಿದ ಆ ಹುಡುಗಿ ಕಂಡಳು. ಮುಂದಿನ ಸಲ ಸೆಂಟರಿನ ಬಾಗಿಲಲ್ಲಿ ನಿಂತಾಗ ಶರ್ಮಿಳಾ ಮೇಡಂ ಯಾವ ಕಣ್ಣಿಂದ ನೋಡುತ್ತಾಳೆ?

"ಇಲ್ಲ," ಎಂದಳು. ಕನ್ನಡದಲ್ಲೇ ಬಂತು. ಆಮೇಲೆ ಮರಾಠಿ ಕೂಡಿಸಿಕೊಂಡು, "ನಾಹೀ ಮೇಡಂ. ಘೇತ್ ನಾಹೀ. ಎಷ್ಟೋ ತಿಂಗಳಾತು. ಒಂದೂ ತಗೊಂಡಿಲ್ಲ" ಎಂದಳು.

ಡಾಕ್ಟರಮ್ಮ ಪೆನ್ನು ಎತ್ತಿದಳು. ಮಾಳಪ್ಪನ ಬೆರಳು ಗುಂಡಿಯ ಮೇಲೆ ನಿಂತಿತು. ಹಾಗಾದರೆ ನಾಶಿಕದ ಎಣಿಕೆ ಹೇಗೆ ಸರಿ ಬರುತ್ತಿತ್ತು ಎಂದು ಡಾಕ್ಟರಮ್ಮ ಅವಳನ್ನೇ ನೋಡಿ ಕೇಳಿದಳು. ಡಬ್ಬಿ ಒಯ್ಯುತ್ತಿದ್ದವರು ಯಾರು?

ಈಗ ಹೇಳಬೇಕು. ಒಂದೇ ಒಂದು ವಾಕ್ಯ, ಮೀ ಫೇಕಲ್ಯಾ, ನಾನು ಎಸೆದೆ. ಅದಕ್ಕಾಗಿಯೇ ಬಸ್ಸಿನುದ್ದಕ್ಕೂ ತಯಾರಾಗಿ ಬಂದಿದ್ದಳು. ಅವಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ನಗುವುದಕ್ಕೆ ಅಷ್ಟು ಚುರುಕಾಗಿ ಎದ್ದ ನಾಲಿಗೆ.

"ಮೀ ಫೇಕಲ್ಯಾ," ಎಂದ ಮಾಳಪ್ಪ. "ನಾನಽ ಚೆಲ್ಲೀನ್ರಿ ಮೇಡಂ. ಎಣಿಸಿ ಚೆಲ್ಲತಿದ್ದೆ. ತಿಲಾ ಕಾಹೀ ಮಾಹೀತ್ ನಾಹೀ. ಆಕಿಗಿ ಏನೂ ಗೊತ್ತಿಲ್ಲ."

ಡಾಕ್ಟರಮ್ಮ ಅವನನ್ನು ಬೈದಳು. ಚೆನ್ನಾಗಿಯೇ ಬೈದಳು. ಸರಕಾರ ಕೊಡುವ ಗುಳಿಗೆ ಗಟಾರಕ್ಕೆ ಹಾಕುವವರಿಗೆ ನಾವೇಕೆ ಹಾಸಿಗೆ ಕೊಡಬೇಕು, ಈ ಹೆಣ್ಣುಮಗಳು ಹೇಳದಿದ್ದರೆ ಇವತ್ತು ತಪ್ಪು ಗುಳಿಗೆ ಕೊಟ್ಟು ನಿನ್ನನ್ನು ನಾನೇ ಕೊಲ್ಲುತ್ತಿದ್ದೆ, ಗೊತ್ತೇ, ಅವಳ ಕಾಲು ಮುಟ್ಟು ಎಂದಳು. ಅವನು ತಲೆ ತಗ್ಗಿಸಿ ಹೋ, ಹೋ ಎನ್ನುತ್ತಿದ್ದ. ಬಾಗಿಲ ಬಳಿ ನಿಂತ ನರ್ಸು ಚನಬಸವ್ವನ ಕಡೆ ಮೆಚ್ಚಿ ನೋಡಿದಳು. ಚನಬಸವ್ವ ಆ ನೋಟವನ್ನು ಇಸಿದುಕೊಂಡು ಸುಮ್ಮನೆ ನಿಂತಳು. ಮತ್ತೆ ಸುಮ್ಮನೆ. ಹಳೆಯ ಗುಳಿಗೆಯನ್ನೇ ಇವತ್ತೇ ಶುರುಮಾಡಿ, ಇವತ್ತೇ, ನಾಳೆ ಎನ್ನಬೇಡಿ, ನಾಳೆ ಹಾಸಿಗೆ ಖಾಲಿಯಾಗುತ್ತದೆ, ಮುಂಜಾನೆ ಬಂದು ಭರ್ತಿಯಾಗಿ ಎಂದು ಡಾಕ್ಟರಮ್ಮ ಕಾಗದ ಕೊಟ್ಟಳು.

ಆಸ್ಪತ್ರೆಯ ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಎದುರಿಗೆ ರೋಗಿಗಳ ಕಡೆಯವರು ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಅವಳು ರೊಟ್ಟಿಯ ಗಂಟು ಬಿಚ್ಚಿದಳು, ಇಬ್ಬರೂ ಮುಟ್ಟಲಿಲ್ಲ.

"ಯಾಕ ಹಂಗ ಹೇಳಿದ್ರಿ?"

"ಹ್ಯಾಂಗ?"

"ನೀವಽ ಚೆಲ್ಲಿದ್ದು ಅಂತ."

"ಚೆಲ್ಲೀನಲ್ಲ," ಎಂದ ಮಾಳಪ್ಪ. ರೊಟ್ಟಿಯ ಒಂದು ಚೂರು ಮುರಿದು ಬೆರಳಲ್ಲಿ ಪುಡಿ ಮಾಡುತ್ತ ಕೂತ. "ಮೊದಲ ಘಮೇಲಿ ನನ್ನ ಕೈಗೇ ಬರತಿತ್ತು. ಹೂವಿನ ಸಂದ್ಯಾಗ ಬೆಳ್ಳಗ ಕಾಣತಿದ್ವು. ಮಹಿಬೂಬ ನೋಡ್ಯಾನಂತ ಸುರುವಿದ ಕೂಡ್ಲೆ ಕರಣಿಲೆ ಒತ್ತಿ ಮುಚ್ಚತಿದ್ದೆ."

ಅವಳ ಕೈ ರೊಟ್ಟಿಯ ಬಟ್ಟೆಯ ಮೇಲೆ ಹಾಗೇ ನಿಂತಿತು. ಎದುರಿನ ಒಲೆಯ ಹೊಗೆ ಇತ್ತ ತಿರುಗಿ ಕಣ್ಣು ಉರಿಯಿತು.

"ಎಲ್ಲಾ ಸಲ?"

"ಹೂಂ."

"ಒಂದ್ ಸಲರೆ ಕೇಳಬಾರದಿತ್ತೇನ್ರಿ ನನ್ನ? ಯಾಕ ಹಿಂಗ ಮಾಡ್ತಿ ಅಂತ ಒಂದ್ ಏಟರೆ ಹೊಡೀಬಾರದಿತ್ತೇನ್ರಿ?"

"ಏನ್ ಕೇಳೂದು." ಅವನು ಅವಳ ಕಡೆ ನೋಡಲಿಲ್ಲ. "ನಿನಗ ಈ ಬ್ಯಾನಿ ತಂದಾಂವ ನಾನು. ಇಷ್ಟು ವರ್ಷಾತು, ನೀ ಒಂದು ಮಾತಾಡಲಿಲ್ಲ. ನಾ ಗುಳಿಗಿ ಬಿಟ್ಟಾಗ ನೀ ಒದರತಿ ಅಂದ್ಕೊಂಡಿದ್ದೆ. ನೀ ಸುಮ್ಮಿದ್ದಿ. ಆಮ್ಯಾಲ ಘಮೇಲ್ಯಾಗ ನೋಡ್ದೆ. ಹೌದು, ಈಕಿ ಮನಸ್ಸಿನ್ಯಾಗ ನಾ ಹೋಗ್ಲಿ ಅಂತದ, ಖರೇನ ಅದ, ಹೋಗ್ಲಿ ಬಿಡು ಅನಸ್ತು. ಒತ್ತಿ ಮುಚ್ಚಿದೆ."

ಇಲ್ರೀ ಎನ್ನಬೇಕು. ಹಂಗಿಲ್ರೀ, ದೇವರಾಣಿ, ಹಂಗಿಲ್ಲ. ಬಾಯಿ ತೆರೆದಳು. ಹಸಿ ಕಾಂಕ್ರೀಟಿನ ಆ ತಂಪು ಬೆರಳ ತುದಿಗೆ ಬಂದು ಕೂತಿತು, ಮಾತು ಬರಲಿಲ್ಲ. ಸುಳ್ಳೆಂದು ಹೇಳಲು ಅದು ಪೂರ್ತಿ ಸುಳ್ಳಾಗಿರಲಿಲ್ಲ, ನಿಜವೆಂದು ಒಪ್ಪಲು ಪೂರ್ತಿ ನಿಜವೂ ಅಲ್ಲ. ಅವನು ಅದನ್ನು ಅವಳಿಗಿಂತ ಮೊದಲೇ ಓದಿಕೊಂಡು, ಒಪ್ಪಿಕೊಂಡು, ಕರಣೆಯಿಂದ ಸಾಪು ಮಾಡಿ, ಮೇಲೊಂದು ಮಜಲು ಕಟ್ಟಿದ್ದ.

ಚನಬಸವ್ವ ಚೀಲಕ್ಕೆ ಕೈಹಾಕಿ ತನ್ನ ಡಬ್ಬಿ ತೆಗೆದಳು. ಮುಚ್ಚಳ ತಿರುವಿದಳು. ಒಂದು ಗುಳಿಗೆ ಅಂಗೈಗೆ ಹಾಕಿಕೊಂಡಳು. ಬಾಟಲಿಯ ನೀರು ಹಿಡಿದಳು.

"ಬಾಯಿ ತೆರೀರಿ."

ಅವನು ಡಬ್ಬಿ ನೋಡಿದ. "ಇದು ನಿಂದು."

"ಎರಡೂ ಒಂದಽ. ಬಾಯಿ ತೆರೀರಿ ಅಂದೆ."

"ನಿನ್ನ ಲೆಕ್ಕ ಕಡಿಮಿ ಬೀಳ್ತದಲ್ಲ," ಎಂದ ಮಾಳಪ್ಪ. "ಶರ್ಮಿಳಾ ಮೇಡಂ ಎಣಸ್ತಾಳ. ಎಲ್ಲಿ ಹೋತು ಅಂತ ಕೇಳ್ತಾಳ."

"ಕೇಳ್ಲಿ. ಎಲ್ಲಾರ ಮುಂದ ನಿಂದರಿಸಿ ಕೇಳ್ಲಿ," ಎಂದಳು ಚನಬಸವ್ವ. "ಇದು ಎಲ್ಲಿ ಹೋತು ಅಂತ ಹೇಳೂಮುಂದ ನಿಮ್ಮವೂ ಎಲ್ಲಿ ಹೋದ್ವು ಅಂತ ಹೇಳ್ತೀನಿ."

ಎದುರಿಗೆ ಅಡುಗೆ ಮಾಡುತ್ತಿದ್ದವರು ಇತ್ತ ನೋಡಿದರು. ಮಾಳಪ್ಪ ಬಾಯಿ ತೆರೆದ. ಗುಳಿಗೆಯನ್ನು ನಾಲಿಗೆಯ ಮೇಲೆ ಅವಳೇ ಇಟ್ಟಳು, ನೀರು ಹಿಡಿದಳು, ಗಂಟಲಿನ ಗುಂಡಿ ಇಳಿದು ಏರುವವರೆಗೂ ನೋಡಿದಳು. ಅವನು ಟವೆಲ್ಲಿನ ತುದಿಯಿಂದ ಬಾಯಿ ಒರೆಸಿಕೊಂಡು ಅದನ್ನು ಮತ್ತೆ ಎದೆಯ ಮೇಲೆ ಎಳೆದುಕೊಂಡ. ಅದು ಒಂದು ಕಡೆ ಜಾರುತ್ತಿತ್ತು. ಅವಳು ಕೈಚಾಚಿ ಸರಿಪಡಿಸಿದಳು.